ಬೀಸೋ, ತೀಸೋ

ಉರ್ದು ಕಾಗದ ಕೈಗೆ ಬಂದರೆ ನಮ್ಮ ಪಕ್ಕದ ಮನೆ ಮಾಸ್ತರರ ಎಡಹುಬ್ಬು ಮೇಲೇರುತ್ತಿತ್ತು. ತುಟಿ ಅಲುಗಿಸುತ್ತ, ತೋರುಬೆರಳನ್ನು ಬಲದಿಂದ ಎಡಕ್ಕೆ ಮೆಲ್ಲಗೆ ಸರಿಸುತ್ತ ಓದುವರು. ನಿಜಾಮರ ಕಾಲ ಅದು. ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲೇ ಬರುತ್ತಿದ್ದುದರಿಂದ ಮಸ್ಕಿಯ ನಮ್ಮ ಓಣಿಗೆಲ್ಲ ಅವರೇ ಕಣ್ಣು. "ಉರ್ದು ನಿಮಗ ಪೂರಾ ಬರ್ತದೇನ್ರಿ?" ಎಂದರೆ "ನೀರು ಕುಡದಂಗ" ಎನ್ನುತ್ತಿದ್ದರು.

ನನಗೆ ಹತ್ತು ವರ್ಷವಿದ್ದಾಗ ಅಪ್ಪ ತೀರಿಕೊಂಡ. ನಮ್ಮ ಜೋಳದ ಹೊಲ ತನಗೆ ಸೇರಬೇಕೆಂದು ದೊಡ್ಡಪ್ಪ ದಾವೆ ಹೂಡಿದ. ಲಿಂಗಸುಗೂರಿನ ಕಚೇರಿಯಿಂದ ಅವ್ವನಿಗೆ ವಿಚಾರಣೆಯ ಕಾಗದ ಬಂತು. ಮಾಸ್ತರರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಪೇಶಿ ಮೂವತ್ತನೇ ತಾರೀಖಿಗೆ ಅದ ತಂಗಿ. ನಾನೂ ಬರ್ತೀನಿ, ಕಾಳಜಿ ಬಿಡು."

ಮೂವತ್ತಕ್ಕೆ ಅವ್ವ, ನಾನು, ಮಾಸ್ತರರು ಗಾಡಿ ಕಟ್ಟಿಸಿಕೊಂಡು ಹೋದೆವು. ಗುಮಾಸ್ತ ದಫ್ತರ ತಿರುವಿ ಹಾಕಿ, "ಪೇಶಿ ಇಪ್ಪತ್ತಕ್ಕಿತ್ತವ್ವಾ. ನೀವು ಬರಲಿಲ್ಲ. ಫೈಸಲಾ ಆಗಿಹೋಗ್ಯದ" ಎಂದ. ಹೊಲ ದೊಡ್ಡಪ್ಪನದಾಗಿತ್ತು. ಉರ್ದುವಿನಲ್ಲಿ ಇಪ್ಪತ್ತು ಬೀಸ್, ಮೂವತ್ತು ತೀಸ್. ಬರೆಯುವಾಗ ಎರಡಕ್ಕೂ ಚುಕ್ಕೆಗಳದ್ದಷ್ಟೇ ವ್ಯತ್ಯಾಸ. ಕಚೇರಿಯವರ ಓಡುಬರಹದಲ್ಲಿ ಆ ಚುಕ್ಕೆಗಳೇ ಇರಲಿಲ್ಲ.

ಊರಿಗೆ ಮರಳುವಾಗ ಅರ್ಧ ದಾರಿಯಲ್ಲಿ ಮಾಸ್ತರರು ಗಾಡಿ ನಿಲ್ಲಿಸಿ ಇಳಿದರು. "ನನಗ ಅಚ್ಚಿನ ಅಕ್ಷರ ಅಷ್ಟ ಬರ್ತಾವ ತಂಗಿ. ಈ ಕೈಬರಹ ಬರೂದಿಲ್ಲ. ಅವತ್ತ ಅನುಮಾನ ಬಂದಿತ್ತು. ಬರೂದಿಲ್ಲ ಅನ್ನಾಕ ನಾಚಿಕಿ ಆತು."

ಅವ್ವ ಬೇರೆ ಕಡೆ ಮುಖ ತಿರುಗಿಸಿದಳು. ಅವರು ಮತ್ತೆ ಗಾಡಿ ಹತ್ತಲಿಲ್ಲ, ಉಳಿದ ದಾರಿ ನಡೆದೇ ಬಂದರು.

ಆಮೇಲೆ ಕಾಗದ ತಂದವರಿಗೆಲ್ಲ, "ಕಚೇರಿ ಅಕ್ಷರ ನನಗ ಬರೂದಿಲ್ಲ, ಮುನ್ಷಿಗೆ ತೋರಸ್ರಿ" ಎನ್ನತೊಡಗಿದರು. ದೊಡ್ಡವರು ವಿನಯಕ್ಕೆ ಹಾಗೇ ಹೇಳುವುದು ಎಂದು ಯಾರೋ ನಕ್ಕರು. "ಹಂಗಲ್ಲಪಾ. ನನಗ ಖರೇನ ಬರೂದಿಲ್ಲ. ಒಬ್ಬಾಕಿ ಹೊಲ ಹೋಗ್ಯದ ನನ್ನಿಂದ" ಎಂದರಂತೆ, ಕಟ್ಟೆಯ ಮೇಲೆ ಎಲ್ಲರೆದುರು.

ಆ ವರ್ಷ ಶಾಲೆಯ ಹಿರಿಯ ಮಾಸ್ತರಿಕೆ ಅವರಿಗೇ ಬರುವುದಿತ್ತು. ತನಿಖೆಗೆ ಬಂದ ಸಾಹೇಬರು, ಮೇಲಿನ ತರಗತಿಗೆ ಉರ್ದುವಿನಲ್ಲಿ ಪಾಠ ಹೇಳಬಲ್ಲಿರಾ ಎಂದು ಕೇಳಿದರು. ಓದಬಲ್ಲೆ, ಕಲಿಸುವಷ್ಟು ಬರುವುದಿಲ್ಲ ಎಂದರು ಇವರು. ಕೆಲಸ ಬೇರೆಯವರಿಗೆ ಹೋಯಿತು. ಇವರನ್ನು ಗುರುಗುಂಟಾಕ್ಕೆ, ಸಣ್ಣ ಮಕ್ಕಳ ತರಗತಿಗೆ ಹಾಕಿದರು. "ಹೂಂ ಅಂದಿದ್ರ ಆಗ್ತಿತ್ತು" ಎಂದು ಅವರ ಹೆಂಡತಿ ನಮ್ಮ ಬಾಗಿಲಲ್ಲಿ ಅತ್ತರು.

ಹೊರಡುವ ದಿನ ಮಾಸ್ತರರು ಹೊಸ್ತಿಲಾಚೆ ನಿಂತು "ಹೋಗಿ ಬರ್ತೀನಿ ತಂಗಿ" ಎಂದರು. ಅವ್ವ ಬೀಸುತ್ತಿದ್ದ ಕಲ್ಲು ನಿಲ್ಲಿಸಲಿಲ್ಲ. ಅವರು ಸ್ವಲ್ಪ ಹೊತ್ತು ಕಾದು ಹೋದರು.

ಮುಂದೆ ನಾನು ದವಾಖಾನೆಯಲ್ಲಿ ನರ್ಸ್ ಆದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಲು ಈಗಲೂ ನಾಚಿಕೆಯಾಗುತ್ತದೆ. ಅನ್ನುತ್ತೇನೆ. ಅದು ಅವರು ಕಲಿಸಿದ್ದು.

ಗುರುಗುಂಟಾಕ್ಕೆ ಹೋದ ಎರಡನೇ ವರ್ಷವೇ ಅವರು ಜ್ವರದಿಂದ ತೀರಿಹೋದರು. ಸುದ್ದಿ ಕೇಳಿ ಅವ್ವ ಗಾಡಿ ಹಿಡಿದು ಹೋದಳು. ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಹೆಂಡತಿಯ ಪಕ್ಕ ಕೂತು ಅಂದಳು:

"ಒಂದ್ ಮಾತು ಆಡಬೇಕಿತ್ತು ನಾ, ಅವರ ಕೂಡ."