ಅಮಾವಾಸ್ಯೆಗೊಮ್ಮೆ ಎಣ್ಣೆ

ಮಾವನಿಗೂ ನನಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ನಾನು ದಾಂಡೇಲಿಯಿಂದ ಜೋಯಿಡಾದ ಶಾಲೆಗೆ ದಿನಾ ಹೋಗಿಬರುವ ಟೀಚರು. ಬಸ್ಸು ನಂಬಿದರೆ ಪ್ರಾರ್ಥನೆ ಮುಗಿದ ಮೇಲೇ ಮುಟ್ಟುವುದು. ಎರಡು ಸಲ ನೋಟಿಸು ಬಂದ ಮೇಲೆ ನನ್ನ ಸಂಬಳದಲ್ಲೇ ಒಂದು ಹಳೆಯ ಡೀಸೆಲ್ ಕಾರು ತೆಗೆದುಕೊಂಡೆ. ಅದು ಹೋದರೆ ನೌಕರಿಯೂ ಹೋದಂತೆ. ಮಾವನಿಗೆ ಬೇಕಾಗಿದ್ದೂ ಅದೇ. ಸೊಸೆ ಸ್ಟೇರಿಂಗ್ ಹಿಡಿದದ್ದು ಅವರಿಗೆ ಒಂದು ದಿನವೂ ಸೇರಲಿಲ್ಲ.

ಆ ವರ್ಷ ಗಣೇಶಗುಡಿಯ ಏರಿನಲ್ಲಿ ಕಾರು ಏದುಸಿರು ಬಿಡತೊಡಗಿತು. ಹಿಂದೆ ನೀಲಿ ಹೊಗೆ. ಮಾವ ಓಣಿ ತುಂಬ ಡಂಗುರ ಸಾರಿದರು: “ಹೆಂಗಸರ ಕೈಯಾಗ ಮಶೀನ್ ಕೊಟ್ರ ಇದ ಆಗೂದು. ಇಂಜಿನ್ ತಿಂದ ಬಿಟ್ಟಾಳ!” ನನ್ನ ಗಂಡ ಪೇಪರು ಹಿಡಿದು ಒಳಗೆ ಹೋದ. ನನ್ನನ್ನು ಒಂದು ಮಾತೂ ಕೇಳದೆ ಮಾವ ಹಳಿಯಾಳದ ಗುಜರಿಯವನಿಗೆ ಭಾನುವಾರ ಬರಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಅದೇ ಹೊತ್ತಿಗೆ ನಾನೂ ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿದೆ.

ಭಾನುವಾರ ಇಬ್ಬರೂ ಬಂದರು; ತಮಾಷೆ ನೋಡಲು ಓಣಿಯವರೂ ಸೇರಿದರು. ಮೆಕ್ಯಾನಿಕ್ ಇಂಜಿನ್ನಿಗೆ ಗಾಳಿ ಹೋಗುವ ಪೈಪು ಬಿಚ್ಚಿ ಬೆರಳು ಹಾಕಿದ. ಹೂರಣದಷ್ಟು ಗಟ್ಟಿಯಾದ ಕರಿ ಜಿಡ್ಡು ಬಂತು. ಪೈಪು ಬಗ್ಗಿಸಿದರೆ ಎಣ್ಣೆ ಸುರಿಯಿತು. ಆಯಿಲ್ ಕಡ್ಡಿ ಎಳೆದು ನೋಡಿದ; ಎಣ್ಣೆ ಮೇಲಿನ ಗೆರೆಯನ್ನೂ ದಾಟಿ ಎರಡು ಬೆರಳು ಮೇಲಿತ್ತು.

“ಯಾ ಅಲ್ಲಾ! ಅಕ್ಕೋರ, ಹೆಚ್ಚಾದ ಎಣ್ಣಿ ಎಲ್ಲಾ ಗಾಳಿ ಪೈಪಿನಾಗ ಹೋಗಿ ಕುಂತೈತಿ. ಇದು ಉಸಿರು ಹೆಂಗ ತಗೋಬೇಕು? ಎಣ್ಣಿ ಹಾಕಾವ್ರು ಯಾರ್ರಿ?”

ನಾನು ಬಾಯಿ ತೆರೆಯುವ ಮೊದಲೇ ಮಾವ ಎದೆಯುಬ್ಬಿಸಿ ಮುಂದೆ ಬಂದರು. “ನಾನ! ಅಮಾಸಿಗೊಮ್ಮೆ ಗಾಡಿ ಪೂಜಾ ಮಾಡಿ, ಕಾಯಿ ಒಡದು, ಅರ್ಧ ಲೀಟರ್ ಕುಡಸ್ತೇನಿ. ಮಿಲ್ಲಿನಾಗ ಮೂವತ್ತು ವರ್ಷ ಮಶೀನಿಗೆ ಎಣ್ಣಿ ಹಾಕಿದಾಂವ. ಒಂದಿನಾನೂ ಕಡಿಮಿ ಬೀಳಸಿಲ್ಲ!”

ಪೂಜೆ ನನಗೆ ಗೊತ್ತಿತ್ತು. ಎಣ್ಣೆಯ ಸುದ್ದಿ ಗೊತ್ತಿರಲಿಲ್ಲ.

“ಕಾಕಾ, ಮಿಲ್ಲಿನ ಮಶೀನಿನ ಎಣ್ಣಿ ಸೋರಿ ಹೋಗತೈತಿ. ಇದರಾಗ ಹಾಕಿದ್ದು ಎಲ್ಲಿ ಹೋಗಬೇಕ್ರಿ?” ಅಂದ ಮೆಕ್ಯಾನಿಕ್.

ಗುಜರಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಇಂಜಿನ್ ಚಲೋ ಐತಿ ಬಿಡ್ರಿ. ನನಗ್ಯಾಕ ಕರಸೀರಿ?” ಎಂದು ಟೆಂಪೋ ಹೊಡೆದುಕೊಂಡು ಹೋದ.

ಹೆಚ್ಚಿನ ಎಣ್ಣೆ ಇಳಿಸಿ, ಪೈಪು ಡೀಸೆಲ್ಲಿನಲ್ಲಿ ತೊಳೆದು ಕೂಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಕಾರು ಹೊಗೆಯಿಲ್ಲದೆ ಚಾಲೂ ಆಯಿತು. ಓಣಿಯವರೆಲ್ಲ ಇನ್ನೂ ನಿಂತಿದ್ದರು. ಅವರೆದುರೇ ಹೇಳಿದೆ: “ಮಾವಾರ, ಇನ್ನ ನನ್ನ ಗಾಡಿ ಮುಟ್ಟಬ್ಯಾಡ್ರಿ. ಪೂಜಾನೂ ಬ್ಯಾಡ.”

ಅವರ ಮುಖ ಇಳಿದುಹೋಯಿತು. “ರಿಟೈರ್ ಆದ ಮ್ಯಾಲೆ ಅದೊಂದ ಕೆಲಸ ಉಳದಿತ್ತು ನನಗ,” ಅಂದರು.

ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಸೋಮವಾರ ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ ಜೋಯಿಡಾದಲ್ಲಿದ್ದೆ.