ಟಿವಿ ಗೋಡೆಯ ಮೇಷ್ಟ್ರು

ನಮ್ಮ ಅಂಗಡಿಯ ಟಿವಿ ಗೋಡೆಯ ಮುಂದೆ ಹತ್ತೊಂಬತ್ತು ವರ್ಷ ನಿಂತು ಮಾರಿದ ಮನುಷ್ಯನನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದೆವು. ಬಂದವರಿಗೆಲ್ಲ ಪಾಠ ಹೇಳುವ ಚಾಳಿಯಿಂದ ಅಂಟಿದ ಹೆಸರು ಅದು. ನಾನು ಅವರ ಎದುರಿಗೇ, ಫ್ರಿಜ್ ವಿಭಾಗದಲ್ಲಿ, ಆರು ವರ್ಷದಿಂದ ಬಾಗಿಲು ತೆಗೆದು ಮುಚ್ಚಿ ತೋರಿಸುತ್ತ ನಿಂತವನು. ನನ್ನನ್ನು ಅವರು ಫ್ರಿಜ್ಜಪ್ಪ ಎಂದು ಕರೆಯುತ್ತಿದ್ದರು. ಪ್ರೀತಿಯಿಂದಲೇ ಇರಬಹುದು, ಆದರೆ ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು.

ಫ್ರಿಜ್ ಮಾರುವುದರಲ್ಲಿ ಏನಿದೆ ಹೇಳಿ. ಎಷ್ಟು ಲೀಟರ್ ಅಂತ ಹೇಳು, ತರಕಾರಿ ಡಬ್ಬಿ ಎಳೆದು ತೋರಿಸು, ಮುಗಿಯಿತು. ಟಿವಿ ಹಾಗಲ್ಲ. ಅದರಲ್ಲೂ ಮಧ್ಯಮ ದರದ ಸ್ಮಾರ್ಟ್ ಟಿವಿಗೆ ಬರುವವರಿಗೆ ಮೇಲಿನದು ಕೈಗೆ ಎಟುಕದು, ಕೆಳಗಿನದಕ್ಕೆ ಮನಸ್ಸು ಒಪ್ಪದು. ಗಂಡನಿಗೆ ಗೇಮಿನ ಚಿಂತೆ, ಹೆಂಡತಿಗೆ ಸಿನಿಮಾದ ಚಿಂತೆ. ಮನೆಯಲ್ಲಿ ಆಡಬೇಕಾದ ಜಗಳವನ್ನೆಲ್ಲ ಅಂಗಡಿಗೆ ತಂದು ಆಡುತ್ತಾರೆ. ಇಂಥವರನ್ನು ಮೇಷ್ಟ್ರು ಸಂಭಾಳಿಸುವುದನ್ನು ನೋಡಬೇಕಿತ್ತು. ಇಂಚಿನ ಮಾತು ಅವರು ಮೊದಲು ಎತ್ತುತ್ತಲೇ ಇರಲಿಲ್ಲ.

"ಸೋಫಾದಿಂದ ಗೋಡೆಗೆ ಎಷ್ಟು ಹೆಜ್ಜೆ? ಕಿಟಕಿ ಯಾವ ಕಡೆಗಿದೆ? ಸಿನಿಮಾ ನೋಡುವಾಗ ಲೈಟ್ ಆರಿಸ್ತೀರೋ, ಹಾಕ್ಕೊಂಡೇ ನೋಡ್ತೀರೋ?"

ಹೀಗೆ ಕೇಳುತ್ತ ಕೇಳುತ್ತ ಆ ಮನೆಯ ನಡುಮನೆಯನ್ನೇ ಅಂಗಡಿಗೆ ತಂದು ಕೂರಿಸಿಬಿಡುತ್ತಿದ್ದರು. ಕೊನೆಗೆ, ಯಾವ ಟಿವಿಯೇ ಆಗಲಿ, ರಾತ್ರಿಯ ಆಕಾಶದ ವಿಡಿಯೋ ಒಂದನ್ನು ಹಾಕುತ್ತಿದ್ದರು. ಪರದೆಯೆಲ್ಲ ಕಪ್ಪಾಗಿ, ಅಲ್ಲೊಂದು ಇಲ್ಲೊಂದು ಸಾಸಿವೆಯಷ್ಟು ನಕ್ಷತ್ರ. "ಕಪ್ಪು ಕಪ್ಪಾಗೇ ಇರ್ಬೇಕು, ಬೂದಿ ಬಳಿದ ಹಾಗೆ ಅಲ್ಲ. ನಕ್ಷತ್ರ ಎಣಿಸಿ ನೋಡಿ" ಎನ್ನುತ್ತಿದ್ದರು. ಗಿರಾಕಿಗಳು ನಿಜಕ್ಕೂ ಎಣಿಸುತ್ತಿದ್ದರು.

ಮೇಷ್ಟ್ರಿಗೆ ಆ ನಕ್ಷತ್ರಗಳು ಕಾಣುತ್ತಿರಲಿಲ್ಲ.

ಅದು ಗೊತ್ತಿದ್ದದ್ದು ನನಗೊಬ್ಬನಿಗೇ. ಒಂದು ಮಧ್ಯಾಹ್ನ ಗೋಡೌನಿನಲ್ಲಿ ಡಬ್ಬಿಗಳ ಮೇಲೆ ಕೂತು ಊಟ ಮಾಡುವಾಗ ಅವರೇ ಹೇಳಿದರು. ಎಡಗಣ್ಣು ಹೋಗಿ ವರ್ಷವಾಗಿತ್ತು. ಬಲಗಣ್ಣಿನ ಒಳಪರದೆಯೂ ಹಾಳಾಗುತ್ತಿತ್ತು. ಆಪರೇಷನ್ನಿಗೆ ಆಸ್ಪತ್ರೆಯವರು ಕೊಟ್ಟ ದಿನ ಎರಡು ತಿಂಗಳು ದೂರವಿತ್ತು. ಖರ್ಚೆಲ್ಲ ಅಂಗಡಿಯ ವಿಮೆಯದು, ಆದರೆ ಆ ದಿನದವರೆಗೆ ಅವರು ಕೆಲಸದಲ್ಲಿರಬೇಕು.

"ಎರಡು ತಿಂಗಳು ಹೇಗಾದ್ರೂ ತಳ್ಬೇಕು ಕಣೋ. ಕೆಲಸ ಹೋದ್ರೆ ಕಣ್ಣೂ ಹೋಯ್ತು. ಬೆಲೆ ಚೀಟಿ ಬದಲಾಯಿಸಿದಾಗ ಒಂದ್ಸಲ ನಂಗೆ ಓದಿ ಹೇಳ್ತೀಯಾ?"

"ಅದಕ್ಕೇನು ಮೇಷ್ಟ್ರೇ" ಎಂದೆ.

ಅಂದಿನಿಂದ ದಿನಾ ಬೆಳಿಗ್ಗೆ ಷಟರ್ ಎತ್ತುವ ಮುಂಚೆ ಗೋಡೆಯ ಹದಿನಾಲ್ಕು ಟಿವಿಗಳ ಚೀಟಿಯನ್ನು ಎಡದಿಂದ ಬಲಕ್ಕೆ ಓದಿ ಹೇಳುತ್ತಿದ್ದೆ. ಅವರು ಒಮ್ಮೆ ಕೇಳಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಪ್ರತಿಯಾಗಿ ನನಗೆ ವಿದ್ಯೆ ಕಲಿಸಿದರು. ಯಾವ ಪರದೆ ಪಕ್ಕದಿಂದ ನೋಡಿದರೆ ಮಂಕಾಗುತ್ತದೆ, ಯಾವುದರಲ್ಲಿ ಗೇಮ್ ಆಡಿದರೆ ಚಿತ್ರ ತಡವರಿಸುತ್ತದೆ, ಎಲ್ಲ. ಕಲಿಯುತ್ತ ಕಲಿಯುತ್ತ ನನಗೆ ಒಂದೇ ಯೋಚನೆ: ಈ ಮನುಷ್ಯ ಇರುವಷ್ಟು ದಿನ ನಾನು ಫ್ರಿಜ್ಜಪ್ಪನೇ. ಹೊಟ್ಟೆಕಿಚ್ಚು ಅಂತ ಬೇಕಾದರೆ ಕರೆಯಿರಿ. ಕರುಣೆ ಬರಲಿಲ್ಲವೇ ಎಂದು ಕೇಳಿದರೆ, ಬಂತು, ಒಂದು ವಾರ ಇತ್ತು.

ಆಗಷ್ಟೇ ಹೊಸ ಮ್ಯಾನೇಜರ್ ಬಂದಿದ್ದ. ಒಂದು ದಿನ ನನ್ನನ್ನು ಕ್ಯಾಬಿನ್ನಿಗೆ ಕರೆದು ಕೇಳಿದ. "ಮೇಷ್ಟ್ರು ನಿನ್ನೆ ಕಂಬಕ್ಕೆ ದಾರಿ ಬಿಡಿ ಅಂದ್ರಂತೆ. ಅವ್ರ ಕಣ್ಣು ಸರಿ ಇದೆಯೇನಯ್ಯ?"

ನಾನು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಉತ್ತರ ಕೊಟ್ಟೆ. "ನಾನ್ಯಾಕೆ ಹಿರಿಯರ ಬಗ್ಗೆ ಮಾತಾಡ್ಲಿ ಸರ್? ಅವ್ರು ನಕ್ಷತ್ರದ ವಿಡಿಯೋ ಹಾಕಿದಾಗ ಟಿವಿ ಆರಿಸಿ ನೋಡಿ. ಗೊತ್ತಾದ್ರೆ ಕಣ್ಣು ಸರಿ ಇದೆ ಅಂತ."

ಮ್ಯಾನೇಜರ್ ಬಿದ್ದು ಬಿದ್ದು ನಕ್ಕ. "ಟಿವಿಗಳ ಸ್ವಿಚ್ ಬೋರ್ಡು ನಿಮ್ಮ ಕಡೆ ಕಂಬದಲ್ಲೇ ಇದೆಯಲ್ಲ. ನೀನೇ ಆರಿಸು" ಎಂದ.

ಶನಿವಾರ ಗಂಡ ಹೆಂಡತಿ ಬಂದರು, ಮೊದಲ ಟಿವಿ ಕೊಳ್ಳುವವರು. ಮೇಷ್ಟ್ರು ಅಂದು ಎಷ್ಟು ಚೆನ್ನಾಗಿ ಮಾತಾಡಿದರೆಂದರೆ ನನಗೇ ಆ ಟಿವಿ ಕೊಳ್ಳಬೇಕೆನಿಸಿತು. ಗಂಡ ಸೆಕೆಂಡಿಗೆ ನೂರಿಪ್ಪತ್ತು ಚಿತ್ರ ತೋರಿಸುವ ನೂರಿಪ್ಪತ್ತು ಹರ್ಟ್ಸೇ ಬೇಕೆಂದು ಹಟ ಹಿಡಿದಿದ್ದ.

"ನಿಮ್ಮ ಗೇಮ್ ಬಾಕ್ಸು ಸೆಕೆಂಡಿಗೆ ಅರವತ್ತೇ ಚಿತ್ರ ಕಳ್ಸೋದು ಸ್ವಾಮಿ. ಉಳಿದ ಅರವತ್ತರಲ್ಲಿ ಮುಖ ನೋಡ್ಕೋತೀರಾ? ಗುಂಡಿ ಒತ್ತಿದ ತಕ್ಷಣ ಪರದೆಲಿ ಅಲ್ಲಾಡುತ್ತಾ ನೋಡಿ, ಅದು ಮುಖ್ಯ. ಅಮ್ಮನೋರಿಗೆ ಸಿನಿಮಾ ಅಲ್ವಾ? ಹಾಗಾದ್ರೆ ಎಡದಿಂದ ಐದನೇದು ತಗೊಳ್ಳಿ. ಇದಕ್ಕಿಂತ ದುಬಾರಿದು ನಿಮಗೆ ದಂಡ."

ಹೆಂಡತಿ ನಕ್ಕಳು. ಗಂಡನೂ ಒಪ್ಪಿಕೊಂಡ ಹಾಗಿತ್ತು. ಮೇಷ್ಟ್ರು ರಿಮೋಟ್ ಒತ್ತಿ ರಾತ್ರಿಯ ಆಕಾಶ ಹಾಕಿದರು. ಪರದೆ ಕಪ್ಪಾಯಿತು. ಮ್ಯಾನೇಜರ್ ಹುಬ್ಬು ಹಾರಿಸಿದ. ನಾನು ಐದನೆಯ ಸ್ವಿಚ್ ಆರಿಸಿದೆ.

"ಈಗ ನೋಡಿ ಅಮ್ಮ, ಕಪ್ಪು ಅಂದ್ರೆ ಇದು. ಬೇರೆ ಟಿವಿಲಿ ಇಷ್ಟು ಗಾಢ ಸಿಗಲ್ಲ. ನಕ್ಷತ್ರ ಎಣಿಸಿ."

ಆರಿದ ಪರದೆ ಕನ್ನಡಿಯಾಗಿತ್ತು. ಅದರಲ್ಲಿ ನಮ್ಮ ಹಲ್ಲುಗಳೇ ಕಾಣುತ್ತಿದ್ದವು. ವಾಷಿಂಗ್ ಮೆಷಿನ್ನಿನವನು, ಬಿಲ್ ಹಾಕುವ ಹುಡುಗಿ, ಮ್ಯಾನೇಜರ್, ನಾನು, ಎಲ್ಲರೂ ಹಿಂದೆ ಬಂದು ಸದ್ದಾಗದಂತೆ ನಗುತ್ತ ನಿಂತಿದ್ದೆವು. ಗಂಡ ಏನೋ ಹೇಳಲು ಬಾಯಿ ತೆರೆದ. ಹೆಂಡತಿ ಪರದೆಯಲ್ಲಿ ನಮ್ಮನ್ನು ನೋಡಿದಳು, ಆಮೇಲೆ ಮೇಷ್ಟ್ರ ಕಣ್ಣನ್ನು ನೋಡಿದಳು. ಗಂಡನ ತೋಳು ಹಿಡಿದು ತಡೆದಳು.

"ತುಂಬಾ ಇವೆ ಸರ್. ಎಣಿಸೋಕೇ ಆಗ್ತಿಲ್ಲ" ಎಂದಳು.

ಮೇಷ್ಟ್ರ ಮುಖ ಅರಳಿತು. ಅಷ್ಟಕ್ಕೇ ಬಿಟ್ಟಿದ್ದರೆ ಆ ಹೆಂಗಸು ಅವರನ್ನು ಉಳಿಸಿಬಿಡುತ್ತಿದ್ದಳೇನೋ. ಆದರೆ ಅವರು ಖುಷಿಯಲ್ಲಿ ನನ್ನತ್ತ ತಿರುಗಿದರು. "ಏನಯ್ಯ ಫ್ರಿಜ್ಜಪ್ಪ, ನೀನೂ ಹೇಳು. ಹೇಗಿದೆ ಚಿತ್ರ?"

"ಮೇಷ್ಟ್ರೇ, ಟಿವಿ ಆಫ್ ಆಗಿದೆ" ಎಂದೆ.

ಎಲ್ಲರೂ ಒಮ್ಮೆಲೇ ನಕ್ಕರು. ಮೇಷ್ಟ್ರು ಕೈ ಚಾಚಿ ಪರದೆಯನ್ನು ಮುಟ್ಟಿ ನೋಡಿದರು, ಬಿಸಿ ಇದೆಯೇ ಎಂದು ಪಾತ್ರೆ ಮುಟ್ಟುವ ಹಾಗೆ. ಗಂಡ ಹೆಂಡತಿ ಏನೂ ಕೊಳ್ಳದೆ ಹೊರಟುಹೋದರು. ಹೋಗುವಾಗ ಆಕೆ ನನ್ನನ್ನು ನೋಡಿದ ನೋಟವಿದೆಯಲ್ಲ, ಅದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ವಾಸಿಯಿತ್ತು.

ಸೋಮವಾರ ಮೇಷ್ಟ್ರ ಕೈಗೆ ಪತ್ರ ಬಂತು. ಓದಿ ಹೇಳಿದವನು ನಾನೇ. ತಿಂಗಳ ಕೊನೆಗೆ ಕೆಲಸ ಮುಗಿಯಿತು, ವಿಮೆಯೂ ಮುಗಿಯಿತು. ಅಲ್ಲಿಂದ ಆಪರೇಷನ್ನಿನ ದಿನಕ್ಕೆ ಇನ್ನು ಹನ್ನೊಂದು ದಿನವಿತ್ತು. ಕೊನೆಯ ಸಂಜೆ ಅವರನ್ನು ಬಸ್ಸಿನವರೆಗೆ ಕೈ ಹಿಡಿದು ಕರೆದುಕೊಂಡು ಹೋದೆ.

"ಎಲ್ಲರೂ ಹಲ್ಲು ಕಿಸೀತಿದ್ರು. ನೀನೊಬ್ಬ ಆದ್ರೂ ನಿಜ ಹೇಳ್ದೆ" ಎಂದು ನನ್ನ ಭುಜ ತಟ್ಟಿದರು.

ಈಗ ಟಿವಿ ಗೋಡೆ ನನ್ನದು. ಉಂಡ ಮನೆಯ ಜಂತೆ ಎಣಿಸಿ ಗಳಿಸಿದ ಗೋಡೆ. ಮೇಷ್ಟ್ರಿಗೆ ಈಗ ಬಲಗಣ್ಣೂ ಇಲ್ಲ. ವಾರಕ್ಕೊಮ್ಮೆ ಅವರ ಹೆಂಡತಿ ನಂಬರ್ ಒತ್ತಿ ಕೊಡುತ್ತಾರೆ, ಹೊಸದು ಯಾವ ಟಿವಿ ಬಂತು ಎಂದು ಮೇಷ್ಟ್ರು ಕೇಳುತ್ತಾರೆ, ಗಿರಾಕಿಗೆ ಏನು ಹೇಳಬೇಕೆಂದು ಇನ್ನೂ ಕಲಿಸುತ್ತಾರೆ. ಕಲಿಸಿದ್ದು ನನಗೆ ಇನ್ನೂ ಉಪಯೋಗಕ್ಕೆ ಬರುತ್ತದೆ. ಮೊನ್ನೆ ಮಾತಿನ ನಡುವೆ ಇದ್ದಕ್ಕಿದ್ದಂತೆ ಕೇಳಿದರು.

"ಅವತ್ತು ಸ್ವಿಚ್ ಆರಿಸಿದ್ದು ಯಾರು ಅಂತ ಗೊತ್ತಾಯ್ತೇನೋ?"

"ಇಲ್ಲ ಮೇಷ್ಟ್ರೇ."

"ಗೊತ್ತಾದ್ರೆ ಹೇಳು. ನಿನ್ ಬಿಟ್ರೆ ಅಲ್ಲಿ ನನ್ನೋರು ಯಾರೂ ಇಲ್ಲ."

ಹೇಳ್ತೀನಿ ಎಂದೆ.