ಪರದೆಗೆ ಬೆನ್ನು ಹಾಕಿ ನಿಂತವರು

ನಮ್ಮ ಭಾವ ಜೀವಮಾನವೆಲ್ಲ ಸಿನಿಮಾ ಮಂದಿರಗಳಲ್ಲೇ ಕಳೆದವರು. ಆದರೆ ಒಂದು ಸಿನಿಮಾವನ್ನೂ ಕೂತು ನೋಡಿದವರಲ್ಲ. ಹೀಗೆ ಹೇಳಿದರೆ ಜನ ನಗುತ್ತಾರೆ. ನಗಲಿ, ನನಗೇನು. ಅವರ ಕೆಲಸವೇ ಹಾಗಿತ್ತು. ಸಿನಿಮಾ ಹಂಚುವ ಕಂಪನಿಯವರು ಅವರನ್ನು ಊರೂರಿಗೆ ಕಳಿಸುತ್ತಿದ್ದುದು ತಲೆ ಎಣಿಸಲಿಕ್ಕೆ. ಎಷ್ಟು ಟಿಕೆಟ್ ಹರಿದೆವು ಅನ್ನುವುದರಲ್ಲಿ ಮಂದಿರದವರು ಸುಳ್ಳು ಹೇಳಬಹುದು, ಕುರ್ಚಿಯಲ್ಲಿ ಕೂತ ತಲೆ ಸುಳ್ಳು ಹೇಳುವುದಿಲ್ಲ ಅನ್ನುವುದು ಕಂಪನಿಯ ನಂಬಿಕೆ.

ಮಧ್ಯಂತರ ಮುಗಿದು ದೀಪ ಆರಿದ ಮೇಲೆ ಭಾವ ಪಕ್ಕದ ಬಾಗಿಲಿನಿಂದ ಒಳಗೆ ಹೋಗುತ್ತಿದ್ದರು. ಪರದೆಯ ಎಡಗಡೆ ಒಂದು ಮೆಟ್ಟಿಲಿದೆ. ಅದರ ಮೇಲೆ, ಪರದೆಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಹಗಲಿನ ದೃಶ್ಯ ಬಂದಾಗ ಪರದೆಯ ಬೆಳಕು ಎಲ್ಲರ ಮುಖದ ಮೇಲೆ ಬೀಳುತ್ತದೆ. ಆ ಬೆಳಕಿರುವಷ್ಟರಲ್ಲೇ ಹಿಂದಿನ ಸಾಲಿನಿಂದ ಮುಂದಕ್ಕೆ, ಹೆಬ್ಬೆರಳನ್ನು ಬೆರಳಿನ ಗೆಣ್ಣುಗಳ ಮೇಲೆ ಓಡಿಸುತ್ತಾ ಎಣಿಸಿ ಮುಗಿಸಿಬಿಡುತ್ತಿದ್ದರು. ಹಾಲ್ ಕಿಕ್ಕಿರಿದಿರಲಿ, ಜನ ಎದ್ದು ಕುಣಿಯುತ್ತಿರಲಿ, ಭಾವನ ಲೆಕ್ಕ ತಪ್ಪಿದ್ದನ್ನು ಕಂಡವರಿಲ್ಲ. ಆ ಒಂದು ಹೆಮ್ಮೆ ಅವರಿಗಿತ್ತು. ಬೇರೆ ಹೆಮ್ಮೆ ಪಡುವಂಥದ್ದು ಏನೂ ಇರಲಿಲ್ಲ ಅಂತ ಬಹಳ ಕಾಲ ನಾನು ಅಂದುಕೊಂಡಿದ್ದೆ.

ನಾನು ಆ ಮಂದಿರಗಳಲ್ಲಿ ಒಂದರ ಹೊರಕೋಣೆಯಲ್ಲಿ ಪಾಪ್‌ಕಾರ್ನ್, ಚಹಾ ಮಾರುವವನು. ಅವರು ನನ್ನ ಅಕ್ಕನ ಗಂಡ. ನಮ್ಮ ಹಾಲ್‌ಗೆ ಎಣಿಸಲು ಬಂದಾಗಲೆಲ್ಲ ನನ್ನ ಅಂಗಡಿಯ ಬೆಂಚಿನ ಮೇಲೇ ಕೂರುತ್ತಿದ್ದರು. ಚಹಾ ಕೊಡುತ್ತಿದ್ದೆ. ಮಾತಾಡಿಸುತ್ತಿರಲಿಲ್ಲ. ಅದಕ್ಕೆ ಕಾರಣ ಇತ್ತು.

ಅಕ್ಕ ಆಸ್ಪತ್ರೆಯಲ್ಲಿ ಮಲಗಿದ್ದಳು. ಅಂದು ದೊಡ್ಡ ಹೀರೋನ ಸಿನಿಮಾ ಬಿಡುಗಡೆ, ಭಾವ ಬೇರೆ ಊರಲ್ಲಿದ್ದರು. ನಾನೇ ಫೋನ್ ಮಾಡಿ, “ಭಾವ, ಈಗಲೇ ಹೊರಡಿ” ಅಂದೆ. “ಮಧ್ಯಂತರ ಆಗ್ಲಿ, ಎಣಿಸಿ ಹೊರಡ್ತೀನಿ” ಅಂದರು. ಎಣಿಸಿದರು, ಹೊರಟರು. ಅವರು ಬರುವ ಹೊತ್ತಿಗೆ ಅಕ್ಕನ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು. ತಕ್ಷಣ ಹೊರಟಿದ್ದರೆ ಕಡೇ ಗಳಿಗೆಗೆ ಸಿಗುತ್ತಿದ್ದರೇ? ಯಾರಿಗೆ ಗೊತ್ತು. ಅವರ ಮಗಳು ಬಾಗಿಲಲ್ಲಿ ಅಡ್ಡ ನಿಂತು ಒಂದೇ ಮಾತು ಕೇಳಿದಳು: “ಎಷ್ಟು ಜನ ಇದ್ರಪ್ಪಾ?” ಅದು ಪ್ರಶ್ನೆಯಲ್ಲ ಅಂತ ಎಂಥ ದಡ್ಡನಿಗೂ ತಿಳಿಯುತ್ತದೆ. ಭಾವನಿಗೆ ತಿಳಿಯಲಿಲ್ಲ. ದಾರಿಯುದ್ದಕ್ಕೂ ಆ ಒಂದು ಸಂಖ್ಯೆಯನ್ನೇ ಗಟ್ಟಿಯಾಗಿ ಹಿಡಿದುಕೊಂಡು ಬಂದಿದ್ದರೋ ಏನೋ, “ಎಂಟುನೂರ ಹನ್ನೆರಡು” ಅಂದುಬಿಟ್ಟರು. ನನಗೆ ಅಲ್ಲೇ ಅವರ ಕೊರಳಪಟ್ಟಿ ಹಿಡಿಯಬೇಕೆನಿಸಿತು.

ಆ ಹುಡುಗಿ ಅಪ್ಪನ ಜೊತೆ ಮಾತು ಬಿಟ್ಟಳು. ಕೆಲವು ದಿನ ಕಳೆದು ಮನೆಯನ್ನೂ ಬಿಟ್ಟಳು. ಹೋಗುವಾಗ ಅಮ್ಮನ ಹೊಲಿಗೆ ಯಂತ್ರವೊಂದನ್ನು ಮಾತ್ರ ಗಾಡಿಗೆ ಹಾಕಿಸಿಕೊಂಡಳು. “ಹೊಲಿಯೋಕೆ ಬರಲ್ಲ, ಅದ್ಯಾಕೆ ನಿಂಗೆ?” ಅಂದೆ. “ಇರ್ಲಿ ಮಾವ” ಅಂದಳು. ಆಮೇಲೆ ಸಿನಿಮಾಗಳಿಗೆ ಶಬ್ದ ಕೂಡಿಸುವ ಕೆಲಸಕ್ಕೆ ಸೇರಿದಳು. ಬಾಗಿಲು ತೆರೆಯುವ ಸದ್ದು, ಮಳೆಯ ಸದ್ದು, ಹೆಜ್ಜೆಯ ಸದ್ದು, ಇಂಥವು. ನನಗೆ ಆಗಾಗ ಫೋನ್ ಮಾಡುತ್ತಿದ್ದಳು. ಅಪ್ಪನ ಸುದ್ದಿ ಎತ್ತುತ್ತಿರಲಿಲ್ಲ.

ಇನ್ನು ಪ್ರಶಸ್ತಿ ಸಿನಿಮಾಗಳ ಸಂಗತಿ ಹೇಳಬೇಕು. ವರ್ಷಕ್ಕೊಮ್ಮೆ ಅವುಗಳ ಕಾಲ ಬರುತ್ತದೆ. ಪ್ರಶಸ್ತಿಗೆ ಆಯ್ಕೆಯಾದವುಗಳ ಪಟ್ಟಿ ಹೊರಬಿದ್ದದ್ದೇ ತಡ, ಅವನ್ನೆಲ್ಲ ತಂದು ಹಾಲ್‌ಗೆ ಹಾಕುತ್ತಾರೆ. ಪತ್ರಿಕೆಯ ತುಂಬ ಹೊಗಳಿಕೆ, ಹಾಲ್ ತುಂಬ ಖಾಲಿ ಕುರ್ಚಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನನ್ನ ಪಾಪ್‌ಕಾರ್ನ್ ಆ ದಿನಗಳಲ್ಲಿ ಮೆತ್ತಗಾಗಿ ಹೋಗುತ್ತದೆ, ಆ ಪ್ರೇಕ್ಷಕರು ಕುರುಕುವವರೂ ಅಲ್ಲ. ಭಾವನ ತಕರಾರು ಬೇರೆ. “ಈ ಪ್ರಶಸ್ತಿಯವ್ರು ದೀಪಾನೇ ಹಚ್ಚಲ್ಲ. ಇರೋದು ನಾಲ್ಕು ತಲೆ, ಅವನ್ನ ನೋಡೋಕೆ ಅರ್ಧ ಗಂಟೆ ಕತ್ತಲೆಯಲ್ಲಿ ಕಾಯ್ಬೇಕು” ಅನ್ನುತ್ತಿದ್ದರು.

ಪ್ರಶಸ್ತಿ ಬಂದುಬಿಟ್ಟರೆ ಕತೆಯೇ ಬದಲು. ಮರುದಿನದಿಂದ ಅದೇ ಸಿನಿಮಾಕ್ಕೆ ಬಾಗಿಲಾಚೆಯವರೆಗೆ ಸಾಲು. ಆದರೆ ಪ್ರಶಸ್ತಿಯ ದಿನದವರೆಗೆ ಅದು ಹಾಲ್‌ನಲ್ಲಿ ಉಳಿದಿರಬೇಕಲ್ಲ. ಕಂಪನಿಯ ನಿಯಮ ಇಷ್ಟೇ: ಬಿಡುಗಡೆಯ ಶುಕ್ರವಾರ ಒಂದು ಆಟಕ್ಕಾದರೂ ಕಾಲು ಹಾಲ್ ತುಂಬಬೇಕು. ಇಲ್ಲವಾದರೆ ಭಾನುವಾರಕ್ಕೆ ಮುಗಿಯಿತು, ಸೋಮವಾರ ಎತ್ತಂಗಡಿ. ತುಂಬಿತೋ ಇಲ್ಲವೋ ಅನ್ನುವುದು ತಲೆ ಎಣಿಸುವವರ ಮಾತಿನ ಮೇಲೆ.

ಆ ವರ್ಷ ಅಕ್ಕನ ಮಗಳು ಫೋನ್ ಮಾಡಿದಳು. “ಮಾವ, ನಾನು ಶಬ್ದ ಮಾಡಿದ ಸಿನಿಮಾ ಪಟ್ಟೀಲಿದೆ. ನಿಮ್ಮ ಹಾಲ್‌ಗೇ ಬರ್ತಿದೆ. ಪ್ರಶಸ್ತಿವರೆಗೂ ಉಳಿದ್ರೆ ಸಾಕು.” ಆಮೇಲೆ ತಡೆದು, “ಎಣಿಸೋಕೆ ಯಾರು ಬರ್ತಾರೆ?” ಅಂದಳು.

“ಇನ್ಯಾರು ಬರ್ತಾರೆ? ನಿಮ್ಮಪ್ಪ.”

“ನನ್ನ ಸಿನಿಮಾ ಅಂತ ಅಪ್ಪಂಗೆ ಹೇಳ್ಬೇಡ” ಅಂದಳು.

ಹೇಳಲಿಲ್ಲ. ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲಬೇಕಲ್ಲ, ಹೆಮ್ಮೆಗೆ ಮ್ಯಾನೇಜರ್ ಹತ್ತಿರ ಊದಿಬಿಟ್ಟೆ. ಸಿನಿಮಾ ಉಳಿಯಬೇಕು ಅಂತ ನನಗೂ ಆಸೆ ಇತ್ತು. ಅದಕ್ಕಿಂತ ಹೆಚ್ಚಿನ ಆಸೆ, ಈ ಅಪ್ಪ ಮಗಳು ಸಾಯುವುದರೊಳಗೆ ಒಮ್ಮೆ ಬಾಯಿ ಬಿಟ್ಟು ಮಾತಾಡಲಿ ಅಂತ. ಭಾವನ ಮೇಲೆ ಎಷ್ಟೇ ಸಿಟ್ಟಿದ್ದರೂ, ಮಗಳು ಬಿಟ್ಟು ಹೋದ ಮೇಲೆ ಆ ಮನುಷ್ಯ ಒಬ್ಬರೇ ಕೂತು ಚಹಾ ತಣ್ಣಗಾಗಲು ಬಿಡುವುದನ್ನು ನೋಡಿ ನನ್ನ ಕರುಳು ಚುರ್ ಅನ್ನುತ್ತಿತ್ತು.

ಶುಕ್ರವಾರ ಮಧ್ಯಾಹ್ನದ ಆಟ. ಮಧ್ಯಂತರ ಆಯಿತು, ಭಾವ ಒಳಗೆ ಹೋದರು. ಸಾಮಾನ್ಯವಾಗಿ ಹೋದಷ್ಟೇ ಬೇಗ ಬರುವವರು ಅವತ್ತು ಬರಲೇ ಇಲ್ಲ. ಆಟ ಮುಗಿದು, ಜನ ಕರಗಿದ ಮೇಲೆ ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಚಹಾ ಕೊಟ್ಟೆ. ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯ ಹೆಬ್ಬೆರಳು ಮಾತ್ರ ಗೆಣ್ಣುಗಳ ಮೇಲೆ ಹೋಗುತ್ತಾ ಬರುತ್ತಾ ಇತ್ತು.

ಮ್ಯಾನೇಜರ್ ಬಂದು, “ಎಷ್ಟಾಯ್ತು?” ಅಂದರು.

“ಗೊತ್ತಿಲ್ಲ. ಸಿಗಲಿಲ್ಲ.”

ಮ್ಯಾನೇಜರ್ ನನ್ನ ಮುಖ ನೋಡಿ ಸಣ್ಣಗೆ ನಕ್ಕರು. ಪಕ್ಕದಲ್ಲಿ ಕೂತು ದನಿ ಇಳಿಸಿದರು. “ನೋಡಿ, ಮಗಳ ಸಿನಿಮಾ ಅಂದ್ರೆ ಯಾರಿಗೆ ಕರುಳಿರಲ್ಲ? ಕಾಲು ಹಾಲ್ ಅಂತ ಹೇಳ್ಬಿಡಿ. ನಾನೂ ಹೂಂ ಅಂತೀನಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.”

ಭಾವ ಲೋಟ ಕೆಳಗಿಟ್ಟರು. “ಮಗಳ ಸಿನಿಮಾನಾ?” ಅಂತ ನನ್ನನ್ನು ಕೇಳಿದರು.

ಹೌದು ಅಂದೆ. ಇನ್ನು ಮುಚ್ಚಿಟ್ಟು ಏನು ಬಂತು. “ಅದಕ್ಕೇ” ಅಂದರು ಭಾವ. ಆಮೇಲೆ ಮ್ಯಾನೇಜರ್ ಕಡೆ ತಿರುಗಿ, “ಇಲ್ಲದ ತಲೆ ನಾನು ಎಣಿಸಲ್ಲ. ಸಂಜೆ ಆಟಕ್ಕೆ ಸರಿಯಾಗಿ ಹೇಳ್ತೀನಿ” ಅಂದರು.

ಸಂಜೆ ಒಳಗೆ ಹೋಗುವ ಮುಂಚೆ ನನ್ನ ಪ್ರಥಮ ಚಿಕಿತ್ಸೆಯ ಡಬ್ಬಿಯಿಂದ ಹತ್ತಿ ಕೇಳಿದರು. ಗಾಯವಾಯಿತೇ ಅಂದರೆ ಇಲ್ಲವೆಂದರು. ಎರಡು ಉಂಡೆ ಮಾಡಿ ಎರಡೂ ಕಿವಿಗೆ ತುರುಕಿಕೊಂಡು ಒಳಗೆ ಹೋದರು. ನನಗೆ ತಲೆಬುಡ ತಿಳಿಯಲಿಲ್ಲ. ಬೇಗನೇ ಹೊರಗೆ ಬಂದು, “ಮೂವತ್ತೊಂದು” ಅಂದರು. ಕಾಲು ಹಾಲ್‌ಗೆ ಅದು ಎಲ್ಲಿಂದ ಎಲ್ಲಿಗೆ? ಕಂಪನಿಗೆ ಫೋನ್ ಮಾಡಿ ಅಷ್ಟನ್ನೇ ಹೇಳಿದರು. ಮಗಳ ಸಿನಿಮಾವನ್ನು ಅಪ್ಪನೇ ಕೈಯಾರೆ ಇಳಿಸಿದ ಹಾಗಾಯಿತು. ಹಟಮಾರಿ ಮನುಷ್ಯ, ಕಲ್ಲಿಗಾದರೂ ಕಣ್ಣೀರು ಬಂದೀತು, ಇವರಿಗಿಲ್ಲ ಅಂತ ನಾನು ಕುದಿದುಹೋದೆ. ಆ ಸಂಜೆ ಅವರಿಗೆ ಚಹಾ ಕೂಡ ಕೊಡಲಿಲ್ಲ.

ಆ ಸಿನಿಮಾಕ್ಕೆ ಪ್ರಶಸ್ತಿ ಬರಲಿಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಪಟ್ಟಿಯಲ್ಲಿದ್ದ ಬೇರೆ ಯಾವುದಕ್ಕೋ ಬಂತು. ಆ ಬೇರೆಯದನ್ನು ನಮ್ಮ ಹಾಲ್‌ಗೆ ಮತ್ತೆ ತಂದರು, ಒಂದು ವಾರ ತುಂಬಿ ತುಳುಕಿತು, ಅರ್ಧ ಜನ ಮಧ್ಯಂತರದಲ್ಲೇ ಎದ್ದು ಹೋದರು, ನನ್ನ ವ್ಯಾಪಾರ ಚೆನ್ನಾಗಿಯೇ ಆಯಿತು. ಆದರೆ ನನಗೆ ನೆನಪಿರುವುದು ಆ ಶನಿವಾರ.

ಶನಿವಾರ ಮಧ್ಯಾಹ್ನದ ಆಟಕ್ಕೆ ಮುಂಚೆ ನನ್ನ ಫೋನ್ ಬಡಿಯಿತು. ಅಕ್ಕನ ಮಗಳು. “ಎತ್ತಿಬಿಡ್ತಾರಂತಲ್ಲ ಮಾವ” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಅಲ್ಲೇ ಇದ್ದಾರಾ? ಕೊಡು.”

ಫೋನನ್ನು ಭಾವನ ಕೈಗೆ ಕೊಟ್ಟೆ. ಎಷ್ಟೋ ವರ್ಷಗಳ ಮೇಲೆ. ನನ್ನದು ಹಳೆಯ ಫೋನು, ಆ ಕಡೆಯವರು ಪಿಸುಗುಟ್ಟಿದರೂ ಪಕ್ಕದವರಿಗೆ ಕೇಳುತ್ತದೆ. ನಾನು ದೂರ ಸರಿಯಲಿಲ್ಲ, ಸರಿಯುವುದೂ ಇಲ್ಲ.

“ಎಷ್ಟು ಜನ ಇದ್ರಪ್ಪಾ?” ಅಂದಳು ಅವಳು.

ಅವೇ ಮಾತು. ಭಾವನ ಬಾಯಿಂದ ಮೂವತ್ತೊಂದು ಅಂತ ಬಂದರೆ ಇಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡೆ.

“ಸಂಜೆದು ಎಣಿಸಿದೆ” ಅಂದರು ಭಾವ. “ಮಧ್ಯಾಹ್ನದ್ದು ಆಗಲಿಲ್ಲ. ಲೆಕ್ಕ ತಪ್ಪಿತು, ಮಗಳೇ.”



“ಯಾವಾಗ?” ಅಂದಳು.

“ಬೆಲ್ಟು ಕಟ್ ಅಂದಾಗ.”

ನನಗೆ ಆಗಲೇ ಹೊಳೆದದ್ದು. ಅಕ್ಕನದು ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ. ಅದರ ಚರ್ಮದ ಬೆಲ್ಟು ಒಮ್ಮೆ ಹರಿದಾಗ ಭಾವನೇ ತಂತಿಯ ಕೊಕ್ಕೆ ಹಾಕಿ ಜೋಡಿಸಿದ್ದರು. ಕೊಕ್ಕೆ ದಪ್ಪವಾಗಿ, ಚಕ್ರ ಒಂದು ಸುತ್ತು ಬಂದಾಗಲೆಲ್ಲ ಕಟ್ ಅನ್ನುತ್ತಿತ್ತು. ಹೊಸದು ಹಾಕಿಸೋಣ ಅಂದರೆ ಅಕ್ಕ ನಗುತ್ತಿದ್ದಳು: “ಇರ್ಲಿ ಬಿಡೋ. ನಿಮ್ಮ ಭಾವ ಮನೇಲಿ ಮಾಡಿದ ಕೆಲಸ ಅಂದ್ರೆ ಇದೊಂದೇ. ಅವರು ಊರಲ್ಲಿ ಇಲ್ಲದಾಗ ಇದಾದ್ರೂ ನನ್ನ ಜೊತೆ ಮಾತಾಡುತ್ತೆ.” ಆ ಹುಡುಗಿ ಅದನ್ನು ಹೊತ್ತುಕೊಂಡು ಹೋಗಿ ಸಿನಿಮಾದೊಳಗೆ ಇಟ್ಟಿದ್ದಳು. ಪರದೆಗೆ ಬೆನ್ನು ಹಾಕಿದರೂ ಕಿವಿಗೆ ಬೆನ್ನಿಲ್ಲವಲ್ಲ. ಹತ್ತಿ ಯಾತಕ್ಕೆ ಅಂತ ಅರ್ಥವಾಯಿತು.

ಭಾವ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. “ಅವತ್ತೂ ತಪ್ಪಬೇಕಾಗಿತ್ತು” ಅಂದರು. “ಅವತ್ತು ಯಾಕೆ ತಪ್ಪಲಿಲ್ಲವೋ.” ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟರು. ನಾನು ಆ ಮನುಷ್ಯನ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು.

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು. “ಕೂತು ನೋಡಿದ್ಯಾ ಅಪ್ಪಾ?”

“ಇಲ್ಲ.”

“ಇವತ್ತು ನೋಡು. ಎಣಿಸ್ಬೇಡ. ನಾಳೆ ನಾನು ಬರ್ತೀನಿ, ಕಡೇ ಆಟಕ್ಕೆ.”

“ಹೂಂ” ಅಂದರು ಭಾವ.

ಕಂಪನಿಗೆ ಫೋನ್ ಮಾಡಿ, ಇದು ನನ್ನ ಮಗಳ ಸಿನಿಮಾ, ಇವತ್ತು ನಾಳೆ ನಾನು ಎಣಿಸುವುದಿಲ್ಲ ಅಂತ ಹೇಳಿದರು. ಆಮೇಲೆ ಕಿಟಕಿಯ ಮುಂದೆ ನಿಂತು ಟಿಕೆಟ್ ಕೊಂಡರು. “ನಿಮಗ್ಯಾತಕ್ಕೆ ಟಿಕೆಟ್ಟು, ಹೋಗಿ ಕೂತ್ಕೊಳ್ಳಿ” ಅಂತ ಮ್ಯಾನೇಜರ್ ಅಂದರೂ ಕೇಳಲಿಲ್ಲ. ದೊಡ್ಡ ಬಾಗಿಲಿನಿಂದ, ಎಲ್ಲರ ಜೊತೆ ಒಳಗೆ ಹೋದರು. ಎಲ್ಲಿ ಕೂರಬೇಕು ಅಂತ ತಿಳಿಯದೆ ಸ್ವಲ್ಪ ಹೊತ್ತು ದಾರಿಯಲ್ಲೇ ನಿಂತರು. ಕೊನೆಗೆ ನಡುವಿನ ಸಾಲಿನಲ್ಲಿ ಒಬ್ಬ ಮುದುಕಿಯ ಪಕ್ಕ ಕೂತರು.

ನನ್ನ ಪಾಪ್‌ಕಾರ್ನ್ ಯಂತ್ರ ಆಟ ನಡೆಯುವಾಗಲೆಲ್ಲ ಪಟಪಟ ಅನ್ನುತ್ತಲೇ ಇರುತ್ತದೆ. ಅದರ ಗದ್ದಲದಲ್ಲಿ ಹಾಲ್‌ನ ಒಳಗಿನದು ನನಗೆ ಯಾವತ್ತೂ ಕೇಳಿಸಿದ್ದಿಲ್ಲ. ಮಧ್ಯಂತರ ಕಳೆದ ಮೇಲೆ ಅದನ್ನು ಆರಿಸಿದೆ. ಕೊಳ್ಳಲು ಬಂದಿದ್ದ ಒಬ್ಬರಿಗೆ ಸ್ವಲ್ಪ ತಡೀರಿ ಅಂದು, ಬಾಗಿಲಿಗೆ ಕಿವಿಯಿಟ್ಟು ನಿಂತೆ. ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಚಕ್ರ ತಿರುಗತೊಡಗಿತು, ಮೊದಲು ನಿಧಾನ, ಆಮೇಲೆ ಬೇಗ ಬೇಗ, ಸುತ್ತಿಗೊಂದು ಕಟ್. ಒಳಗೆ ಭಾವ, ಹೊರಗೆ ನಾನು. ಅಕ್ಕ ಹೊಲಿಯುತ್ತಿದ್ದಳು.